ಡೇಟಾಬೇಸ್ ಅವರಿಗೆ, ಜೆರಾಕ್ಸ್ ನಮಗೆ: ಊರಿನ ಲೆಕ್ಕ ಕೇಳಲು ಯಾವ ಟೂಲ್ ಬೇಕು?

ಮಾಹಿತಿ ಹಕ್ಕು ಕುಗ್ಗುತ್ತಿದೆ, ನರೇಗಾದ ಹೆಸರೂ ಬದಲಾಗಿದೆ. ಊರಿನ ಸಾರ್ವಜನಿಕ ದಾಖಲೆಯನ್ನು ಜೋಪಾನ ಮಾಡುವುದು ಈಗ ಯುವಜನರ ರಾಜಕೀಯ ಕೆಲಸವೂ ಹೌದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅನುಭವದಿಂದ ಕೆಲವು ಮಾತು.

ಸರ್ಕಾರಕ್ಕೆ ನಮ್ಮ ಬಗ್ಗೆ ಗೊತ್ತಿರುವುದೆಲ್ಲ ಡೇಟಾಬೇಸ್‌ನಲ್ಲಿ ಉಂಟು. ಪಹಣಿ, ಪಡಿತರ ಚೀಟಿ, ಮತದಾರರ ಪಟ್ಟಿ, ಜಾಬ್ ಕಾರ್ಡ್ ಎಲ್ಲವೂ. ಅಲ್ಲಿ ಕೂತವರು ಒಂದು ಸಾಲು ಬರೆದರೆ ಸಾಕು, ಹುಡುಕಬಹುದು, ಜೋಡಿಸಬಹುದು, ಕೂಡಿಸಿ ಕಳೆಯಬಹುದು. ಅದೇ ಮಾಹಿತಿಯನ್ನು ನಾವು ಕೇಳಿದರೆ ಕೈಗೆ ಬರುವುದು ಜೆರಾಕ್ಸ್ ಕಟ್ಟು. ಇಲ್ಲವೇ ಒಂದು ಪದವನ್ನೂ ಹುಡುಕಲಾಗದ ಸ್ಕ್ಯಾನ್ ಪಿಡಿಎಫ್. ಮಾಹಿತಿ ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ 2025ರ ಆಗಸ್ಟ್ 7ರಂದು ಇಡೀ ದೇಶಕ್ಕೆ ಗೊತ್ತಾಯಿತು. ಬೆಂಗಳೂರಿನ ಮಹದೇವಪುರ ಕ್ಷೇತ್ರದಲ್ಲಿ 1,00,250 ಮತಗಳು ಕಳುವಾಗಿವೆ ಎಂದು ರಾಹುಲ್ ಗಾಂಧಿ ಆರೋಪಿಸಿದರು. ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಆರೋಪ ಸರಿಯೋ ತಪ್ಪೋ ಎಂಬ ವಾದ ಬೇರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ ಒಂದು ಮಾತು: ಒಂದೇ ಒಂದು ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ಕಾಗದದ ರಾಶಿಯಿಂದ ಹೋಲಿಸಿ ನೋಡಲು ತಮ್ಮ ತಂಡಕ್ಕೆ ಆರು ತಿಂಗಳು ಹಿಡಿಯಿತು ಎಂದು ಅವರು ಹೇಳಿದರು. ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಪಟ್ಟಿ ಇದ್ದಿದ್ದರೆ ಎರಡು ಸಲ ಬಂದ ಹೆಸರು ಹುಡುಕುವುದು ಒಂದು ಮಧ್ಯಾಹ್ನದ ಕೆಲಸ. ಆ ರೂಪದಲ್ಲಿ ಕೊಡಬೇಕೆಂಬ ಬೇಡಿಕೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕಮಲನಾಥ್ ಪ್ರಕರಣದಲ್ಲಿ ಒಪ್ಪಿರಲಿಲ್ಲ. ಆರು ತಿಂಗಳು ಕಾಗದ ತಿರುಗಿಸುವ ಶಕ್ತಿ ದೊಡ್ಡ ಪಕ್ಷಕ್ಕೆ ಉಂಟು. ನಿಮಗೆ, ನನಗೆ, ನಮ್ಮ ಗ್ರಾಮಸಭೆಗೆ ಉಂಟಾ?

ನಮ್ಮ ಊರಿನದ್ದೇ ಇನ್ನೊಂದು ಉದಾಹರಣೆ ಹೇಳುತ್ತೇನೆ. ಅದೇ ಆಗಸ್ಟ್‌ನಲ್ಲಿ ಧರ್ಮಸ್ಥಳದ ಪ್ರಕರಣ ಸುದ್ದಿಯಲ್ಲಿದ್ದಾಗ, 2000ದಿಂದ 2015ರವರೆಗಿನ ಅಸಹಜ ಸಾವಿನ ದಾಖಲೆಗಳನ್ನು ನಾಶಪಡಿಸಲಾಗಿದೆ ಎಂದು ಬೆಳ್ತಂಗಡಿ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಿದ್ದು ವರದಿಯಾಯಿತು. ಆಡಳಿತಾತ್ಮಕ ಆದೇಶದಂತೆ ಹಳೆಯ ಕಾಗದ ವಿಲೇವಾರಿ ಮಾಡುವುದು ಕಚೇರಿಗಳಲ್ಲಿ ನಡೆಯುವಂಥದ್ದೇ. ಆದರೆ ಹದಿನೈದು ವರ್ಷದ ಲೆಕ್ಕ ಒಮ್ಮೆ ಹೋದ ಮೇಲೆ ಅದರ ಬಗ್ಗೆ ಯಾರು ಏನು ಹೇಳಿದರೂ ಪರೀಕ್ಷಿಸಿ ನೋಡುವ ದಾರಿಯೇ ಇರುವುದಿಲ್ಲ. ಆರೋಪ ಮಾಡಿದವರಿಗೂ ನಷ್ಟ, ಆರೋಪ ಹೊತ್ತವರಿಗೂ ನಷ್ಟ.

ಅದಕ್ಕೇ ನಾನು ಇವತ್ತು ಒಣ ವಿಷಯ ಅನ್ನಿಸಬಹುದಾದ ಒಂದು ಪ್ರಶ್ನೆ ಎತ್ತುತ್ತಿದ್ದೇನೆ. ಊರಿನ ಸಾರ್ವಜನಿಕ ದತ್ತಾಂಶವನ್ನು ನಾವೇ ಒಂದು ಓಪನ್ ಸೋರ್ಸ್ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಬೇಕಾದರೆ ಯಾವ ಟೂಲ್ ಬಳಸಬೇಕು? ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುವುದು ಎಲ್ಲರಿಗೂ ಆಗುವ ಮಾತಲ್ಲ. ಕಿಟಕಿ, ಬಟನ್, ಕೋಷ್ಟಕ ಕಾಣುವ ಡೆಸ್ಕ್‌ಟಾಪ್ ಟೂಲ್ ಬೇಕು. ಅದು ಯಾವುದು ಎಂಬುದು ಟೆಕ್ಕಿಗಳ ಹರಟೆಯ ವಿಷಯ ಅಂದುಕೊಂಡರೆ, ಲೆಕ್ಕ ಕೇಳುವ ಅಧಿಕಾರವನ್ನು ಟೆಕ್ಕಿಗಳಿಗೇ ಬಿಟ್ಟುಕೊಟ್ಟ ಹಾಗೆ.

ಈಗಲೇ ಯಾಕೆ?

ಎರಡು ಕಾರಣ ಉಂಟು.

ಒಂದು, 2025ರ ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳು ಪ್ರಕಟವಾದವು. ಜೊತೆಗೇ 2023ರ ಆ ಕಾಯ್ದೆಯ 44(3)ನೇ ಸೆಕ್ಷನ್ ಜಾರಿಗೆ ಬಂತು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಅದರಿಂದ ಬದಲಾಯಿತು. ಮೊದಲು ವೈಯಕ್ತಿಕ ಮಾಹಿತಿ ಕೊಡಲಾಗದು ಎನ್ನಲು ಅಧಿಕಾರಿ ಕಾರಣ ತೋರಿಸಬೇಕಿತ್ತು. ಸಂಸತ್ತಿಗೋ ಶಾಸನಸಭೆಗೋ ನಿರಾಕರಿಸಲಾಗದ ಮಾಹಿತಿಯನ್ನು ಜನಸಾಮಾನ್ಯರಿಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಇತ್ತು. ಈಗ ಅದೆಲ್ಲ ಹೋಗಿ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು ಎಂಬಂತಾಗಿದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2) ಉಳಿದಿದೆ ನಿಜ. ಆದರೆ ಅದನ್ನು ಎತ್ತಿ ಹಿಡಿಯಲು ಮೇಲ್ಮನವಿ, ಆಯೋಗ ಅಂತ ಅಲೆಯಬೇಕು. ಫಲಾನುಭವಿ ಪಟ್ಟಿಯಲ್ಲಿ ಹೆಸರು ಇರುತ್ತದೆ, ಹೆಸರು ವೈಯಕ್ತಿಕ. ಮುಂದೆ ಏನಾಗಬಹುದು ಅಂತ ನೀವೇ ಯೋಚಿಸಿ.

ಎರಡು, 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ‘ವಿಬಿ-ಜಿ ರಾಮ್ ಜಿ’ ಎಂಬ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ದಿನಗಳು 100ರಿಂದ 125 ಎನ್ನುತ್ತದೆ ಕಾಯ್ದೆ. ಅದರ ಒಳಿತು ಕೆಡುಕು ಈ ಜಾಲತಾಣದಲ್ಲೇ ಬೇಕಾದಷ್ಟು ಚರ್ಚೆಯಾಗಿದೆ. ದಕ್ಷಿಣ ಕನ್ನಡಕ್ಕೆ ನರೇಗಾ ಬಂದದ್ದು 2008ರ ಏಪ್ರಿಲ್ 1ರಂದು, ಮೂರನೇ ಹಂತದಲ್ಲಿ. ಅಲ್ಲಿಂದೀಚೆಗೆ ಯಾವ ಪಂಚಾಯತ್‌ನಲ್ಲಿ ಎಷ್ಟು ಬಾವಿ ತೋಡಿದರು, ಎಷ್ಟು ಅಡಿಕೆ ಗುಂಡಿ, ಎಷ್ಟು ದನದ ಹಟ್ಟಿ, ಯಾರಿಗೆ ಎಷ್ಟು ದಿನದ ಕೂಲಿ, ಹಣ ಯಾವಾಗ ಬಂತು ಎಂಬುದೆಲ್ಲ ವೆಬ್‌ಸೈಟ್‌ನಲ್ಲಿ ಯಾರೂ ನೋಡಬಹುದಾದ ಹಾಗೆ ಇತ್ತು. ಭಾರತದಲ್ಲಿ ಇಷ್ಟು ತೆರೆದ ಸರ್ಕಾರಿ ದಾಖಲೆ ಇನ್ನೊಂದಿಲ್ಲ. ಯೋಜನೆ ಬದಲಾದರೆ ಪೋರ್ಟಲ್ ಬದಲಾಗುತ್ತದೆ, ಪೋರ್ಟಲ್ ಬದಲಾದರೆ ಹಳೆಯ ಕೊಂಡಿಗಳು ಸಾಯುತ್ತವೆ. ಹೊಸ ಯೋಜನೆ ಹಳೆಯದಕ್ಕಿಂತ ಒಳ್ಳೆಯದೋ ಕೆಟ್ಟದ್ದೋ ಅಂತ ಮೂರು ವರ್ಷದ ನಂತರ ಹೋಲಿಸಬೇಕಾದರೆ ಹಳೆಯ ಲೆಕ್ಕ ನಮ್ಮ ಹತ್ತಿರ ಇರಬೇಕು, ಅಲ್ವಾ?

ಎಕ್ಸೆಲ್ ಸಾಲದಾ?

ಮೂರೂ ತಾಲೂಕುಗಳ ಗೆಳೆಯರು ಸೇರಿ ಪಂಚಾಯತ್ ಮಟ್ಟದ ನರೇಗಾ ಲೆಕ್ಕ ಒಟ್ಟು ಮಾಡುವ ಪ್ರಯತ್ನದಲ್ಲಿ ನಾನೂ ಕೈಜೋಡಿಸಿದ್ದೇನೆ. ಎಲ್ಲರೂ ಮೊದಲು ಕೇಳುವುದು ಇದನ್ನೇ. ಎಕ್ಸೆಲ್ ಗೊತ್ತುಂಟು, ಅದರಲ್ಲೇ ಮಾಡಿದರೆ ಎಂತ?

ಸಣ್ಣ ಲೆಕ್ಕಕ್ಕೆ ಸಾಕು. ಆದರೆ ಒಂದು ಹಾಳೆಯಲ್ಲಿ 10,48,576 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹಲವು ವರ್ಷದ ಹಾಜರಿ ಪಟ್ಟಿ ಸೇರಿಸಿದರೆ ಆ ಗಡಿ ದೂರವೇನಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಎಕ್ಸೆಲ್ ನಿಮ್ಮನ್ನು ಕೇಳದೆಯೇ ‘ಸಹಾಯ’ ಮಾಡುತ್ತದೆ. ಸರ್ವೆ ನಂಬರ್ 12/3 ಅಂತ ಹಾಕಿ ನೋಡಿ, ಅದು ತಾರೀಕಾಗುತ್ತದೆ. ಹದಿನೈದು ಅಂಕಿಗಿಂತ ಉದ್ದದ ಸಂಖ್ಯೆ ಕೊಟ್ಟರೆ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಯೂನಿಕೋಡ್ ಕನ್ನಡ ಇರುವ ಸಿಎಸ್‌ವಿ ಫೈಲನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆದರೆ ಎಷ್ಟೋ ಸಲ ಅಕ್ಷರವೆಲ್ಲ ಕಲಸುಮೇಲೋಗರ. ಹಾಗೇ ಸೇವ್ ಒತ್ತಿದರೆ ಮುಗಿಯಿತು ಕಥೆ.

ಎಲ್ಲಕ್ಕಿಂತ ಮಂಡೆಬಿಸಿ ಊರಿನ ಹೆಸರುಗಳದ್ದು. ಮೂಡುಬಿದಿರೆ, ಮೂಡಬಿದಿರೆ, ಮೂಡುಬಿದ್ರೆ, ಮೂಡಬಿದ್ರಿ ಎಲ್ಲವೂ ದಾಖಲೆಗಳಲ್ಲಿ ಸಿಗುತ್ತವೆ. ಇಂಗ್ಲಿಷ್ ಕಾಗುಣಿತ ಕೇಳಲೇ ಬೇಡಿ. ಕಣ್ಣಿಗೆ ಒಂದೇ ರೀತಿ ಕಾಣುವ ‘ಪಂಚಾಯತ್’ ಎಂಬ ಪದದ ಕೊನೆಯಲ್ಲಿ ಕಾಣದ ಒಂದು ಅಕ್ಷರ ಸೇರಿಕೊಂಡಿದ್ದರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ಪಿಡಿಎಫ್‌ನಿಂದ ನಕಲು ಮಾಡಿದರೆ ಕನ್ನಡವೇ ಬರುವುದಿಲ್ಲ, ಚಿಹ್ನೆಗಳ ಸಂತೆ ಬರುತ್ತದೆ.

ಇದರ ಮೇಲೆ ಗಡಿಗಳೂ ಬದಲಾಗಿವೆ. ಮೂಡುಬಿದಿರೆ ಮೊದಲು ಮಂಗಳೂರು ತಾಲೂಕಿನಲ್ಲಿತ್ತು, ಪ್ರತ್ಯೇಕ ತಾಲೂಕಾದದ್ದು ಆಮೇಲೆ. ಬಂಟ್ವಾಳದ ಕೆಲವು ಗ್ರಾಮಗಳು ಹೊಸ ಉಳ್ಳಾಲ ತಾಲೂಕಿಗೆ ಹೋದವು. ಇದು ಗೊತ್ತಿಲ್ಲದವರು ‘ಬಂಟ್ವಾಳದಲ್ಲಿ ಕೆಲಸದ ದಿನ ಕಡಿಮೆಯಾಯಿತು’ ಅಂತ ಗ್ರಾಫ್ ಹಾಕಿದರೆ, ಕಡಿಮೆಯಾದದ್ದು ಕೆಲಸವೋ ಗ್ರಾಮಗಳೋ ಎಂದು ಹೇಳಲಾಗುವುದಿಲ್ಲ. ಅಂಥ ಗ್ರಾಫ್ ವಾಟ್ಸಾಪ್‌ನಲ್ಲಿ ಓಡಾಡಿದರೆ ಎದುರಾಳಿಗೆ ಒಂದೇ ನಿಮಿಷದಲ್ಲಿ ಹೊಡೆದು ಹಾಕಲು ಸುಲಭ. ನಿಜವಾದ ಪ್ರಶ್ನೆಯೂ ಅದರ ಜೊತೆಗೇ ಸತ್ತುಹೋಗುತ್ತದೆ.

ಡೇಟಾಬೇಸ್ ಇದಕ್ಕೆ ಪರಿಹಾರ ಕೊಡುತ್ತದೆ. ಗ್ರಾಮದ ಹೆಸರನ್ನು ನಂಬಿಕೊಳ್ಳದೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೆ, ಪಂಚಾಯತ್‌ಗೆ ಕೊಟ್ಟಿರುವ ಕೋಡ್ ಸಂಖ್ಯೆಯನ್ನು ಹಿಡಿಯಿರಿ. ಹೆಸರುಗಳಿಗೆ ಒಂದು ಕೋಷ್ಟಕ, ಯಾವ ಗ್ರಾಮ ಯಾವ ವರ್ಷದಿಂದ ಯಾವ ತಾಲೂಕಿನಲ್ಲಿ ಎಂಬುದಕ್ಕೆ ಇನ್ನೊಂದು, ಕೆಲಸದ ಲೆಕ್ಕಕ್ಕೆ ಮತ್ತೊಂದು. ಮೂರನ್ನೂ ಕೋಡ್ ಮೂಲಕ ಜೋಡಿಸಿದರೆ ‘ಇವತ್ತಿನ ಮೂಡುಬಿದಿರೆ ತಾಲೂಕಿನ ಗ್ರಾಮಗಳಲ್ಲಿ 2012ರಲ್ಲಿ ಏನಾಗಿತ್ತು’ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕಾಗುಣಿತ ಹೇಗಿದ್ದರೂ ಆಯಿತು.

ಮೊದಲು ಡೇಟಾಬೇಸ್, ಮತ್ತೆ ಟೂಲ್

ಓಪನ್ ಸೋರ್ಸ್‌ನಲ್ಲಿ ಮೂರು ಹೆಸರು ಸಾಕು.

ಎಸ್‌ಕ್ಯೂಲೈಟ್: ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ್ದು. ಯಾರ ಸ್ವತ್ತೂ ಅಲ್ಲ, ಸಾರ್ವಜನಿಕಕ್ಕೆ ಬಿಟ್ಟದ್ದು. ಇಡೀ ಡೇಟಾಬೇಸ್ ಒಂದೇ ಫೈಲ್. ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಬಹುದು. ನಿಮ್ಮ ಮೊಬೈಲ್‌ನಲ್ಲಿ ಈಗಲೇ ಹತ್ತಾರು ಆ್ಯಪ್‌ಗಳು ಇದನ್ನು ಬಳಸುತ್ತಿವೆ. 2050ರವರೆಗೆ ನೋಡಿಕೊಳ್ಳುತ್ತೇವೆ ಎಂದು ಅದರ ತಂಡ ಹೇಳಿದೆ. ದತ್ತಾಂಶವನ್ನು ಬಹುಕಾಲ ಕಾಪಿಡಲು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಶಿಫಾರಸು ಮಾಡುವ ರೂಪಗಳಲ್ಲಿ ಇದೂ ಒಂದು.

ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ: ಇದರಲ್ಲಿ ರಾಜಕೀಯದ ಪಾಠವೇ ಉಂಟು. 1995ರಲ್ಲಿ ಹುಟ್ಟಿದ ಮೈಎಸ್‌ಕ್ಯೂಎಲ್ ಅನ್ನು 2008ರಲ್ಲಿ ಸನ್ ಕಂಪನಿ ನೂರು ಕೋಟಿ ಡಾಲರಿಗೆ ಕೊಂಡಿತು. ಸನ್ ಅನ್ನು ಒರಾಕಲ್ ಕೊಂಡು ಆ ವ್ಯವಹಾರ 2010ರ ಜನವರಿಯಲ್ಲಿ ಮುಗಿಯಿತು. ಡೇಟಾಬೇಸ್ ಮಾರಿಯೇ ದೊಡ್ಡದಾದ ಕಂಪನಿಯ ಕೈಗೆ ಪುಕ್ಕಟೆ ಡೇಟಾಬೇಸ್ ಸೇರಿತು. ಮೂಲ ಕರ್ತೃ ಮಾಂಟಿ ವಿಡೇನಿಯಸ್ ಅದೇ ಕೋಡ್ ತೆಗೆದುಕೊಂಡು 2009ರಲ್ಲಿ ಬೇರೆ ಕವಲು ಮಾಡಿ ತನ್ನ ಕಿರಿ ಮಗಳ ಹೆಸರಿಟ್ಟರು. ಅದು ಮರಿಯಾಡಿಬಿ. ಹಿರಿ ಮಗಳ ಹೆಸರು ಮೈ. ಕೋಡ್ ತೆರೆದಿದ್ದರಿಂದ ಯಜಮಾನ ಬದಲಾದರೂ ಬಳಕೆದಾರರು ಬೀದಿಗೆ ಬೀಳಲಿಲ್ಲ.

ಪೋಸ್ಟ್‌ಗ್ರೆಸ್: 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧನೆಯಾಗಿ ಶುರುವಾದದ್ದು. ಯಾವ ಒಂದು ಕಂಪನಿಯೂ ಇದರ ಒಡೆಯನಲ್ಲ. ಕನ್ನಡದ ಅಕಾರಾದಿಗೆ ಸರಿಯಾದ ವ್ಯವಸ್ಥೆ ಹೇಳಿಕೊಡಬಹುದು, ನಕ್ಷೆಯ ಕೆಲಸಕ್ಕೂ ಗಟ್ಟಿ. ಹತ್ತು ಜನ ಒಟ್ಟಿಗೆ ಕೆಲಸ ಮಾಡುವಾಗ ಇದೇ ಒಳ್ಳೆಯದು.

ಕಿಟಕಿಗಳ ಪೈಕಿ ಯಾವುದು?

ಈಗ ಟೂಲ್‌ಗಳಿಗೆ ಬರೋಣ. ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ? ಕನ್ನಡ ಸರಿ ಕಾಣುತ್ತದಾ? ಇದನ್ನು ಹಾಕಿಕೊಟ್ಟವನು ನಾಳೆ ಬೆಂಗಳೂರಿಗೋ ದುಬೈಗೋ ಹೋದರೆ ಉಳಿದವರಿಗೆ ಮುಂದುವರಿಸಲು ಆಗುತ್ತದಾ? ಮಾಡಿದ್ದನ್ನು ಇನ್ನೊಬ್ಬರು ಪರೀಕ್ಷಿಸಬಹುದಾ?

ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್: ಶುರು ಮಾಡುವವರಿಗೆ ನನ್ನ ಆಯ್ಕೆ ಇದೇ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಫೈಲ್ ತೆರೆದರೆ ಕೋಷ್ಟಕ ಕಾಣುತ್ತದೆ. ಸಿಎಸ್‌ವಿ ಒಳಗೆ ಹಾಕಬಹುದು, ಹೊರಗೆ ತೆಗೆಯಬಹುದು. ನೀವು ಮಾಡಿದ ಬದಲಾವಣೆ ‘ಬರೆ’ ಎಂದು ಒತ್ತುವವರೆಗೆ ಫೈಲಿಗೆ ಹೋಗುವುದಿಲ್ಲ, ಹಿಂದೆ ಸರಿಯಬಹುದು. ಎಕ್ಸೆಲ್ ಗೊತ್ತಿದ್ದವರು ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಇಬ್ಬರು ಮೂವರು ಒಟ್ಟಿಗೆ ತಿದ್ದಲು ಮಾತ್ರ ಹೋಗಬೇಡಿ.

ಡಿಬೀವರ್: ಎಲ್ಲ ಡೇಟಾಬೇಸ್‌ಗೂ ಒಂದೇ ಕಿಟಕಿ. ಎಸ್‌ಕ್ಯೂಲೈಟ್‌ನಿಂದ ಶುರು ಮಾಡಿ ನಾಳೆ ಪೋಸ್ಟ್‌ಗ್ರೆಸ್‌ಗೆ ಹೋದರೂ ಹೊಸ ಟೂಲ್ ಕಲಿಯಬೇಕಾಗಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕೋಷ್ಟಕಗಳ ನಂಟನ್ನು ಚಿತ್ರವಾಗಿ ತೋರಿಸುತ್ತದೆ. ಕಮ್ಯುನಿಟಿ ಆವೃತ್ತಿ ಓಪನ್ ಸೋರ್ಸ್, ದುಡ್ಡಿನ ಆವೃತ್ತಿ ಬೇರೆ ಉಂಟು. ಜಾವಾದಲ್ಲಿ ಕಟ್ಟಿದ್ದರಿಂದ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ಏದುಸಿರು. ಇನ್ನೊಂದು ಮಾತು: ಮೊದಲ ಸಲ ಒಂದು ಡೇಟಾಬೇಸ್‌ಗೆ ಸಂಪರ್ಕಿಸುವಾಗ ಡ್ರೈವರ್ ಫೈಲನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಬೆಳ್ತಂಗಡಿಯಲ್ಲಿ ಘಟ್ಟದ ಬುಡದ ಊರುಗಳಿಗೆ ಹೋಗುವವರು ನೆಟ್‌ವರ್ಕ್ ಇರುವಲ್ಲೇ ಆ ಕೆಲಸ ಮುಗಿಸಿಕೊಂಡು ಹೋಗಿ.

ಪಿಜಿಅಡ್ಮಿನ್: ಪೋಸ್ಟ್‌ಗ್ರೆಸ್‌ಗೆ ಮಾತ್ರ. ಆಳವಾದ ಕೆಲಸಕ್ಕೆ, ಬ್ಯಾಕಪ್‌ಗೆ, ಯಾರಿಗೆ ಯಾವ ಕೋಷ್ಟಕ ನೋಡಲು ಅನುಮತಿ ಎಂದು ನಿಗದಿ ಮಾಡಲು ಇದು ಚೆನ್ನ. ಹೊಸಬರಿಗೆ ಎಡಗಡೆಯ ಮರದ ಕೊಂಬೆಗಳನ್ನು ನೋಡಿಯೇ ತಲೆ ತಿರುಗುತ್ತದೆ. ತಂಡದಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸಾಕು.

ಹೈಡಿಎಸ್‌ಕ್ಯೂಎಲ್: ವಿಂಡೋಸ್‌ಗಾಗಿ ಹುಟ್ಟಿದ್ದು, ಹಗುರ, ಹಳೆಯ ಯಂತ್ರದಲ್ಲೂ ಚುರುಕು. ಮರಿಯಾಡಿಬಿ ಬಳಸುವವರಿಗೆ ಹೇಳಿ ಮಾಡಿಸಿದ್ದು.

ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್: ಒರಾಕಲ್‌ನದ್ದು, ಕಾಲೇಜು ಲ್ಯಾಬ್‌ಗಳಿಂದ ಹಲವರಿಗೆ ಪರಿಚಯ. ಕೋಷ್ಟಕಗಳ ವಿನ್ಯಾಸ ಬಿಡಿಸಲು ಒಳ್ಳೆಯದು. ಆದರೆ ಒಂದೇ ಡೇಟಾಬೇಸ್‌ಗೆ ಕಟ್ಟಿಹಾಕುತ್ತದೆ.

ಪಿಎಚ್‌ಪಿಮೈಅಡ್ಮಿನ್: ಬ್ರೌಸರಿನಲ್ಲಿ ಓಡುವಂಥದ್ದು, ಅಗ್ಗದ ಹೋಸ್ಟಿಂಗ್ ಜೊತೆ ಬರುತ್ತದೆ. ಸಡಿಲ ಪಾಸ್‌ವರ್ಡ್ ಇಟ್ಟು ಇಂಟರ್‌ನೆಟ್‌ಗೆ ತೆರೆದಿಟ್ಟರೆ ಮನೆ ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದ ಹಾಗೆ. ಇಂಥ ಕೆಲಸಕ್ಕೆ ಬೇಡ.

ನ್ಯಾವಿಕ್ಯಾಟ್, ಟೇಬಲ್‌ಪ್ಲಸ್, ಡೇಟಾಗ್ರಿಪ್‌ನಂಥ ಟೂಲ್‌ಗಳು ಚಂದ ಇವೆ, ಕಂಪನಿಯಲ್ಲಿ ಕೆಲಸ ಮಾಡುವವರು ಹೊಗಳುತ್ತಾರೆ. ಆದರೆ ಅವು ಓಪನ್ ಸೋರ್ಸ್ ಅಲ್ಲ. ತಂಡದ ಹತ್ತು ಮಂದಿಯಲ್ಲಿ ಒಬ್ಬರ ಕಂಪನಿ ಲೈಸೆನ್ಸ್ ಮೇಲೆ ನಿಂತ ವ್ಯವಸ್ಥೆ ಆ ಒಬ್ಬರ ಉದ್ಯೋಗ ಬದಲಾದ ದಿನ ಕುಸಿಯುತ್ತದೆ.

ನನ್ನ ತೀರ್ಮಾನ ಹೀಗೆ. ಒಂದು ಪಂಚಾಯತ್‌ಗೆ ಎಸ್‌ಕ್ಯೂಲೈಟ್ ಮತ್ತು ಡಿಬಿ ಬ್ರೌಸರ್. ತಾಲೂಕು ಮಟ್ಟಕ್ಕೆ, ಹಲವರು ಸೇರಿದಾಗ, ಪೋಸ್ಟ್‌ಗ್ರೆಸ್ ಮತ್ತು ಡಿಬೀವರ್. ಪಿಜಿಅಡ್ಮಿನ್ ಒಬ್ಬಿಬ್ಬರ ಕೈಯಲ್ಲಿ ಇರಲಿ. ಟೂಲ್ ಯಾವುದೇ ಇರಲಿ, ತಿಂಗಳಿಗೊಮ್ಮೆ ಎಲ್ಲವನ್ನೂ ಸಿಎಸ್‌ವಿಯಾಗಿ ಹೊರತೆಗೆದು ಮೂರು ಜಾಗದಲ್ಲಿ ಇಡಿ. ಟೂಲ್ ಸತ್ತರೂ ಲೆಕ್ಕ ಉಳಿಯಬೇಕು.

ಕ್ಲಿಕ್ ಮಾಡಿದ್ದಕ್ಕೆ ಸಾಕ್ಷಿ ಇಲ್ಲ

ಈ ಟೂಲ್‌ಗಳ ಸುಖವೇ ಇವುಗಳ ಅಪಾಯ. ಒಂದು ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಿ ‘40’ ಇದ್ದದ್ದನ್ನು ‘90’ ಮಾಡಬಹುದು. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಪಂಚಾಯತ್ ಕಚೇರಿಯಲ್ಲಿ ಹೀಗೆ ಆದರೆ ನಾವು ಭ್ರಷ್ಟಾಚಾರ ಎನ್ನುತ್ತೇವೆ. ನಮ್ಮದೇ ಫೈಲಿನಲ್ಲಿ ಆದರೆ ‘ತಿದ್ದುಪಡಿ’ ಎನ್ನುತ್ತೇವೆ!

ಒಂದು ಊರಿನ ಮಾತು ಹೇಳಬೇಕು. ಬೀಡಿ ಕಟ್ಟುವ ಒಬ್ಬ ಅಮ್ಮ, ನರೇಗಾ ಕೆಲಸಕ್ಕೂ ಹೋಗಿದ್ದವರು, ನಮ್ಮ ಲ್ಯಾಪ್‌ಟಾಪ್ ಪರದೆ ನೋಡಿ ಕೇಳಿದರು: ‘ಮಗಾ, ಇದರಲ್ಲಿ ಎಷ್ಟು ದಿನ ಅಂತ ಉಂಟು ನಂದು?’ ಜೊತೆಗಿದ್ದ ಹುಡುಗ ಹೇಳಿದ. ‘ಅಲ್ಲ ಮಾರಾಯ, ನಾನು ಅದಕ್ಕಿಂತ ಹೆಚ್ಚು ಹೋಗಿದ್ದೇನೆ. ಪಂಚಾಯತ್‌ನವರೂ ಕಂಪ್ಯೂಟರಲ್ಲಿ ಹೀಗೇ ಉಂಟು ಅಂತಾರೆ, ನೀನೂ ಅದನ್ನೇ ಹೇಳ್ತಿ. ಮತ್ತೆ ವ್ಯತ್ಯಾಸ ಎಂತ?’

ಆ ಪ್ರಶ್ನೆಗೆ ಉತ್ತರ ಇಲ್ಲದೆ ಈ ಕೆಲಸಕ್ಕೆ ಅರ್ಥವೇ ಇಲ್ಲ. ವ್ಯತ್ಯಾಸ ಇರಬೇಕಾದದ್ದು ಇಲ್ಲಿ: ನಮ್ಮ ಲೆಕ್ಕ ಹೇಗೆ ಬಂತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಲು ನಮಗೆ ಸಾಧ್ಯವಾಗಬೇಕು. ಅವರ ಮಾತು ಮತ್ತು ದಾಖಲೆ ಬೇರೆ ಬೇರೆ ಎಂದಾದರೆ ಆ ವ್ಯತ್ಯಾಸವನ್ನೇ ದಾಖಲಿಸಲು ಒಂದು ಜಾಗ ಇರಬೇಕು.

ಹಾಗಾಗಿ ಕೆಲವು ಶಿಸ್ತು. ಸರ್ಕಾರದಿಂದ ಬಂದ ಮೂಲ ಕೋಷ್ಟಕವನ್ನು ಯಾರೂ ಮುಟ್ಟಬಾರದು. ಡಿಬೀವರ್‌ನಲ್ಲಿ ‘ಓದಲು ಮಾತ್ರ’ ಎಂಬ ಸಂಪರ್ಕ ಮಾಡಿಕೊಳ್ಳಬಹುದು, ಅದನ್ನೇ ಎಲ್ಲರಿಗೂ ಕೊಡಿ. ಜನ ಹೇಳಿದ ಲೆಕ್ಕಕ್ಕೆ ಬೇರೆ ಕೋಷ್ಟಕ ಮಾಡಿ: ದಾಖಲೆ ಏನು ಹೇಳುತ್ತದೆ, ಕೆಲಸಗಾರರು ಏನು ಹೇಳುತ್ತಾರೆ, ಕೇಳಿದ ತಾರೀಕು ಯಾವುದು. ಕೈಯಿಂದ ಚೌಕ ತಿದ್ದುವ ಬದಲು ತಿದ್ದುವ ಆದೇಶವನ್ನು ಎಸ್‌ಕ್ಯೂಎಲ್‌ನಲ್ಲಿ ಬರೆದು ಆ ಬರಹವನ್ನು ಫೈಲಾಗಿ ಇಡಿ. ಆಗ ಬೇರೊಬ್ಬರು ಮೂಲದಿಂದ ಶುರು ಮಾಡಿ ಅದೇ ಉತ್ತರಕ್ಕೆ ಬರಬಹುದು. ಬದಲಾವಣೆ ತಕ್ಷಣ ಖಾಯಂ ಆಗದಂತೆ ಡಿಬೀವರ್‌ನಲ್ಲಿ ಮ್ಯಾನುಯಲ್ ಕಮಿಟ್ ಇಟ್ಟುಕೊಳ್ಳಿ. ಷರತ್ತಿಲ್ಲದೆ ಇಡೀ ಕೋಷ್ಟಕ ಅಳಿಸಲು ಹೋದರೆ ಅದು ಎಚ್ಚರಿಸುತ್ತದೆ, ವರ್ಕ್‌ಬೆಂಚ್ ಅಂತೂ ಬಿಡುವುದೇ ಇಲ್ಲ. ಆ ಎಚ್ಚರಿಕೆಗಳನ್ನು ರಗಳೆ ಅಂತ ಬಂದ್ ಮಾಡಬೇಡಿ.

ಕರಾವಳಿಯಲ್ಲಿ ಪಟ್ಟಿ ಎಂದರೆ

ಇನ್ನು ಕಷ್ಟದ ಭಾಗ. ನಮ್ಮ ಜಿಲ್ಲೆಯಲ್ಲಿ ಹೆಸರಿನ ಪಟ್ಟಿ ಎಂದರೆ ಬರೀ ಪಟ್ಟಿ ಅಲ್ಲ. ಹೆಸರು ಓದಿದ ಕೂಡಲೇ ಧರ್ಮ ಗೊತ್ತಾಗುತ್ತದೆ, ಬಹುತೇಕ ಜಾತಿಯೂ ಗೊತ್ತಾಗುತ್ತದೆ. 2025ರ ಮೇ ತಿಂಗಳೊಂದರಲ್ಲೇ ಬಜ್ಪೆಯಲ್ಲಿ ಒಂದು, ಬಂಟ್ವಾಳ ತಾಲೂಕಿನಲ್ಲಿ ಒಂದು ಕೊಲೆ ನೋಡಿದವರು ನಾವು. ಯಾರ ಮನೆ ಎಲ್ಲಿ, ಯಾರ ಅಂಗಡಿ ಯಾವುದು, ಯಾರ ಮಗಳು ಯಾವ ಕಾಲೇಜು ಎಂಬುದೆಲ್ಲ ಒಂದೇ ಫೈಲಿನಲ್ಲಿ ಹುಡುಕಲು ಸಿಗುವ ಹಾಗೆ ಮಾಡಿಟ್ಟರೆ ಅದು ಯಾರ ಕೈಗೆ ಹೋಗುತ್ತದೆ ಎಂದು ಹೇಳಲಾಗದು. ಬಹಿಷ್ಕಾರದ ಕರೆ ಕೊಡುವವರಿಗೂ ಡಿಬೀವರ್ ಪುಕ್ಕಟೆಯೇ.

‘ಖಾಸಗಿತನದ ಹೆಸರಲ್ಲಿ ಮಾಹಿತಿ ಮುಚ್ಚಿಡುತ್ತಾರೆ’ ಎಂದು ಮೇಲೆ ದೂರಿದವನು ನಾನೇ. ಈಗ ಖಾಸಗಿತನದ ಮಾತಾಡುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಎರಡೂ ಬೇರೆ. ಅಧಿಕಾರದಲ್ಲಿರುವವರು ಸಾರ್ವಜನಿಕ ಹಣ ಹೇಗೆ ಖರ್ಚು ಮಾಡಿದರು ಎಂಬುದು ತೆರೆದಿರಬೇಕು. ದುರ್ಬಲರ ಬದುಕಿನ ವಿವರ ಮುಚ್ಚಿರಬೇಕು. ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಗುತ್ತಿಗೆದಾರನ ಬಿಲ್ ‘ವೈಯಕ್ತಿಕ’ವಾಗುವ ಭಯ ಉಂಟು, ಕೂಲಿಯವರ ಹೆಸರು ಮಾತ್ರ ಎಲ್ಲಿ ಬೇಕಾದರೂ ಸಿಗುತ್ತದೆ.

ಕಾನೂನಿನಂತೆ ಪ್ರಕಟಿಸಲೇಬೇಕಾದ ಮಾಹಿತಿ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದೇ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಹಾಗಂತ ಕಾನೂನು ಬಿಟ್ಟದ್ದನ್ನೆಲ್ಲ ನಾವು ಕಲೆ ಹಾಕಬೇಕೆಂದಿಲ್ಲ. ಊರಲ್ಲಿ ಹಂಚುವ ಫೈಲಿನಲ್ಲಿ ಹೆಸರು ಬೇಡ, ಫೋನ್ ನಂಬರ್ ಬೇಡ, ಆಧಾರ್ ಅಂತೂ ಬೇಡವೇ ಬೇಡ. ಜಾಬ್ ಕಾರ್ಡ್ ಸಂಖ್ಯೆಯಿಂದಲೂ ಹೆಸರು ಹಿಡಿಯಬಹುದು, ಅದೂ ಬೇಡ. ಗ್ರಾಮವಾರು, ಕಾಮಗಾರಿವಾರು ಮೊತ್ತ ಸಾಕು. ಒಬ್ಬರ ದೂರನ್ನು ಹಿಡಿದು ಹೋರಾಡುವಾಗ ಅವರ ವಿವರ ಬೇಕಾಗುತ್ತದೆ. ಅದು ಅವರ ಒಪ್ಪಿಗೆಯಿಂದ, ಬೇರೆ ಫೈಲಿನಲ್ಲಿ, ಇಬ್ಬರ ಕೈಯಲ್ಲಿ ಮಾತ್ರ ಇರಲಿ. ದೂರು ಮುಗಿದ ಮೇಲೆ ಅಳಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಅನುಮತಿ ಕೊಡುವ ವ್ಯವಸ್ಥೆ ಇರುವುದು ಇದಕ್ಕೇ. ಎಸ್‌ಕ್ಯೂಲೈಟ್ ಫೈಲಿಗೆ ಆ ಬೀಗ ಇಲ್ಲ, ಫೈಲ್ ಸಿಕ್ಕಿದವರಿಗೆ ಎಲ್ಲವೂ ಸಿಕ್ಕಿತು. ಟೂಲ್ ಆಯ್ಕೆ ಮಾಡುವಾಗ ಈ ಒಂದು ವ್ಯತ್ಯಾಸ ನೆನಪಿದ್ದರೆ ಸಾಕು, ಉಳಿದದ್ದೆಲ್ಲ ಎರಡನೆಯದು.

ಲ್ಯಾಬಿನಿಂದ ಗ್ರಾಮಸಭೆಗೆ

ಈ ಕೆಲಸಕ್ಕೆ ಜನ ಎಲ್ಲಿದ್ದಾರೆ ಅಂತ ಕೇಳಬೇಡಿ. ಮೂಡುಬಿದಿರೆ ಸುತ್ತಮುತ್ತ ಎಷ್ಟು ಎಂಜಿನಿಯರಿಂಗ್ ಕಾಲೇಜುಗಳು, ಉಜಿರೆಯಲ್ಲಿ ಎಷ್ಟು ಸಂಸ್ಥೆಗಳು! ವರ್ಷ ವರ್ಷ ಸಾವಿರಾರು ಮಕ್ಕಳು ಡೇಟಾಬೇಸ್ ಪಾಠ ಓದಿ ಪಾಸಾಗುತ್ತಾರೆ. ಲ್ಯಾಬಿನಲ್ಲಿ ಮಾಡುವುದೆಂತ? ‘ಎಂಪ್ಲಾಯಿ’ ಕೋಷ್ಟಕ, ‘ಡಿಪಾರ್ಟ್‌ಮೆಂಟ್’ ಕೋಷ್ಟಕ, ಅತಿ ಹೆಚ್ಚು ಸಂಬಳ ಯಾರಿಗೆ ಹುಡುಕಿ. ಅದೇ ಲ್ಯಾಬಿನಲ್ಲಿ ಪಕ್ಕದ ಪಂಚಾಯತ್‌ನ ಕಾಮಗಾರಿ ಪಟ್ಟಿ ಕೊಟ್ಟು, ಕೂಲಿ ಹದಿನೈದು ದಿನದೊಳಗೆ ಬರದ ಪ್ರಕರಣಗಳು ಎಷ್ಟು ಹುಡುಕಿ ಅಂದರೆ ಪಾಠವೂ ಆಗುತ್ತದೆ, ಊರಿನ ಕೆಲಸವೂ ಆಗುತ್ತದೆ.

ಹತ್ತಿರದ ಕಾಸರಗೋಡನ್ನು ನೋಡಿ. ಕೇರಳದ ಸರ್ಕಾರಿ ಶಾಲೆಗಳು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಸ್ವತಂತ್ರ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಸುತ್ತಿವೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್ ಅಳವಡಿಕೆ ನೀತಿ ತಂದಿದೆ. ನೀತಿ ಕಡತದಲ್ಲಿದ್ದರೆ ಸಾಲದು, ತಾಲೂಕು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಡಿಬಿ ಬ್ರೌಸರ್ ಹಾಕಿಟ್ಟಿದ್ದಾರಾ ಅಂತ ಕೇಳುವವರು ಬೇಕು.

ಕಾನೂನು ನಮ್ಮ ಕೈಯಲ್ಲಿ ಇನ್ನೂ ಸ್ವಲ್ಪ ಬಿಟ್ಟಿದೆ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಪ್ರಕಾರ, ಮಾಹಿತಿ ಕಂಪ್ಯೂಟರಿನಲ್ಲಿ ಇದ್ದರೆ ಅದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಪಡೆಯುವುದು ನಿಮ್ಮ ಹಕ್ಕಿನ ಭಾಗ. ದಾಖಲೆಗಳನ್ನು ಸೂಚಿ ಮಾಡಿ, ಕಂಪ್ಯೂಟರೀಕರಿಸಿ ಇಡಬೇಕೆಂದು 4(1)(ಎ) ಹೇಳುತ್ತದೆ. ಹಾಗಾಗಿ ಮುಂದಿನ ಸಲ 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ ‘ಪ್ರತಿ ನೀಡಿ’ ಅಂತ ಬರೆದು ಬಿಡಬೇಡಿ. ‘ಹುಡುಕಬಹುದಾದ, ಸಿಎಸ್‌ವಿ ಅಥವಾ ಸ್ಪ್ರೆಡ್‌ಶೀಟ್ ರೂಪದಲ್ಲಿ, ಯೂನಿಕೋಡ್ ಕನ್ನಡದಲ್ಲಿ ನೀಡಿ’ ಅಂತ ಬರೆಯಿರಿ. ಕೊಡುವುದಿಲ್ಲ ಎಂದರೆ ಯಾಕೆ ಕೊಡುವುದಿಲ್ಲ ಎಂದು ಅವರು ಬರವಣಿಗೆಯಲ್ಲಿ ಹೇಳಬೇಕಾಗುತ್ತದೆ. ಆ ಉತ್ತರವೂ ಒಂದು ದಾಖಲೆಯೇ.

ಸಾಫ್ಟ್‌ವೇರ್‌ನಿಂದ ಭ್ರಷ್ಟಾಚಾರ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋಗಿ ಕಾಲು ಶತಮಾನವಾಗುತ್ತಾ ಬಂತು. ಗ್ರಾಮಕರಣಿಕರ ಕಡತಕ್ಕಾಗಿ ಕಾಯುವುದು ತಪ್ಪಿತು. ಆದರೆ ಒಳಗೆ ತಪ್ಪು ನಮೂದಾದರೆ ಅದನ್ನು ತಿದ್ದಿಸಲು ತಾಲೂಕು ಕಚೇರಿ ಸುತ್ತುವುದು ತಪ್ಪಲಿಲ್ಲ, ಯಾಕೆಂದರೆ ಡೇಟಾಬೇಸ್‌ನ ಕೀಲಿ ಒಂದೇ ಕಡೆ ಇತ್ತು. ಎರಡು ಕಡೆ ಲೆಕ್ಕ ಇದ್ದಾಗ ಮಾತ್ರ ‘ಕಂಪ್ಯೂಟರಲ್ಲಿ ಹೀಗೇ ಉಂಟು’ ಎಂಬ ಮಾತಿಗೆ ‘ತೋರಿಸಿ, ನಮ್ಮಲ್ಲಿ ಬೇರೆ ಉಂಟು’ ಎನ್ನಬಹುದು.

ಗ್ರಾಮಸಭೆ ಆರು ತಿಂಗಳಿಗೊಮ್ಮೆ ಬರುತ್ತದೆ. ಅದಕ್ಕೆ ಮೊದಲು ನಾಲ್ಕು ಮಂದಿ ಸೇರಿ ನಿಮ್ಮ ಪಂಚಾಯತ್‌ನ ಕಳೆದ ಐದು ವರ್ಷದ ಕಾಮಗಾರಿ ಪಟ್ಟಿಯನ್ನು ಇಳಿಸಿಕೊಂಡು ಒಂದು ಎಸ್‌ಕ್ಯೂಲೈಟ್ ಫೈಲಿಗೆ ಹಾಕಿ. ಹೆಸರುಗಳ ಕಂಬಸಾಲನ್ನು ಅಳಿಸಿ. ಒಂದೇ ಒಂದು ಪ್ರಶ್ನೆ ಕೇಳಿ: ಹಣ ಮಂಜೂರಾಗಿ ಕೆಲಸ ಮುಗಿಯದೇ ಉಳಿದದ್ದು ಯಾವುದು? ಉತ್ತರವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಸಭೆಗೆ ತೆಗೆದುಕೊಂಡು ಹೋಗಿ. ಈ ಸಲ ಜೆರಾಕ್ಸ್ ಕಟ್ಟನ್ನು ಅವರ ಕೈಗೆ ಕೊಡುವವರು ನೀವಾಗಿರಿ.